ವಿಚಾರಣೆ ಯಾರ ಮೇಲೆ?

ಮನೆಗೆ ಕನ್ನ ಬಿದ್ದಿತೆಂದು ದೂರು ಕೊಟ್ಟ ಗೃಹಸ್ಥನೊಬ್ಬ ನ್ಯಾಯಾಸ್ಥಾನದಲ್ಲಿ ಸಾಕ್ಷಿ ನುಡಿಯಲು ನಿಂತಿದ್ದಾನೆನ್ನಿ. "ತಾವು ಈ ಹಿಂದೆ ಎಷ್ಟು ಜನರಿಗೆ ದಾನ ಕೊಟ್ಟಿದ್ದೀರಿ? ಕೊಡುಗೈಯವರೆಂದು ಹೆಸರಾದ ತಾವು ಈತನಿಗೂ ಇಷ್ಟಪಟ್ಟೇ ಕೊಟ್ಟಿರಬಾರದೇಕೆ?" ಎಂದು ಆತನನ್ನು ಯಾವ ವಕೀಲರೂ ಕೇಳಲಾರರು. ಕೇಳಿದರೆ ನೆರೆದವರು ನಕ್ಕಾರು. ಆದರೆ ಬಲಾತ್ಕಾರಕ್ಕೆ ಒಳಗಾದೆನೆಂದು ದೂರಿತ್ತ ಹೆಣ್ಣಿಗೆ ಇದೇ ಜಾತಿಯ ಪ್ರಶ್ನೆಯನ್ನು ಕೇಳಲು ಭಾರತದ ಕಾನೂನು 130 ವರ್ಷಗಳ ಕಾಲ ಅನುಮತಿ ಕೊಟ್ಟಿತ್ತು. ಆಗ ಯಾರೂ ನಗಲಿಲ್ಲ. ನಗುವುದಕ್ಕೆ ಬದಲಾಗಿ ಬರೆದುಕೊಂಡರು.

ಈ ಪ್ರಶ್ನೆಗಳಿಗೆ ಪಾಟೀಸವಾಲು ಎಂಬ ಗೌರವದ ಹೆಸರಿತ್ತು. ಆಪಾದಿತನ ಮೇಲೆ ನಡೆಯಬೇಕಾದ ವಿಚಾರಣೆ ನೋಡನೋಡುತ್ತಿದ್ದಂತೆಯೇ ದೂರು ಕೊಟ್ಟವಳ ಮೇಲೆ ತಿರುಗುತ್ತಿತ್ತು. ಅವಳು ಯಾರೊಡನೆ ಓಡಾಡುತ್ತಿದ್ದಳು, ಎಷ್ಟು ಹೊತ್ತಿಗೆ ಮನೆ ಸೇರುತ್ತಿದ್ದಳು, ಹಿಂದೆ ಯಾರನ್ನು ಮೆಚ್ಚಿದ್ದಳು ಎಂಬುದೆಲ್ಲ ಕಡತಕ್ಕೆ ಸೇರುತ್ತಿತ್ತು. ಅಪರಾಧ ನಡೆದ ದಿನ ಅವಳು ಒಪ್ಪಿದ್ದಳೆ ಇಲ್ಲವೆ ಎಂಬ ಒಂದೇ ಪ್ರಶ್ನೆ ಆ ರಾಶಿಯಡಿಯಲ್ಲಿ ಹೂತುಹೋಗುತ್ತಿತ್ತು. ಈ ಪದ್ಧತಿ ಹುಟ್ಟಿದ್ದು ಹೇಗೆ, ಅದಕ್ಕೆ ತಡೆ ಬಿದ್ದದ್ದು ಹೇಗೆ, ಆ ತಡೆಯಲ್ಲಿ ಇನ್ನೂ ಬಿರುಕುಗಳಿವೆಯೆ ಎಂಬುದು ಹೆಣ್ಣುಮಕ್ಕಳಿರುವ ಪ್ರತಿಯೊಂದು ಮನೆಯೂ, ಅದಕ್ಕಿಂತ ಹೆಚ್ಚಾಗಿ ಗಂಡುಮಕ್ಕಳಿರುವ ಪ್ರತಿಯೊಂದು ಮನೆಯೂ ಅರಿತಿರಬೇಕಾದ ಸಂಗತಿ.

ಒಂದು ವಾಕ್ಯದ ಆಯುಷ್ಯ

ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದದ್ದು 1872ನೆಯ ಇಸವಿ ಸೆಪ್ಟೆಂಬರ್ 1ರಂದು. ಅದನ್ನು ರಚಿಸಿದವರು ವೈಸರಾಯರ ಸಭೆಯಲ್ಲಿ ಕಾನೂನು ಸದಸ್ಯರಾಗಿದ್ದ ಸರ್ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಅಚ್ಚುಕಟ್ಟಿಗೆ ಹೆಸರಾದ ಆ ಶಾಸನದ 155ನೆಯ ಕಲಂ ಸಾಕ್ಷಿಯ ಮೇಲಿನ ನಂಬಿಕೆಯನ್ನು ಅಲುಗಿಸುವ ಬಗೆಗಳನ್ನು ಎಣಿಸುತ್ತಿತ್ತು. ಸಾಕ್ಷಿ ಲಂಚ ಪಡೆದಿರುವನೆಂದು ತೋರಿಸಬಹುದು. ಹಿಂದೆ ಬೇರೆ ಮಾತು ಆಡಿದ್ದನೆಂದು ತೋರಿಸಬಹುದು. ಇವೆಲ್ಲ ನ್ಯಾಯವಾದ ದಾರಿಗಳೇ. ಆದರೆ ಆ ಪಟ್ಟಿಯ ನಾಲ್ಕನೆಯ ಬಾಬು ಬೇರೆಯೇ ಧಾಟಿಯದು. ಪುರುಷನೊಬ್ಬನ ಮೇಲೆ ಬಲಾತ್ಕಾರದ ಅಥವಾ ಅದರ ಯತ್ನದ ಮೊಕದ್ದಮೆ ನಡೆಯುತ್ತಿರುವಾಗ, ದೂರು ಕೊಟ್ಟ ಹೆಂಗಸು ಸಾಮಾನ್ಯವಾಗಿ ಅನೀತಿಯ ನಡತೆಯವಳೆಂದು ತೋರಿಸಬಹುದು ಎಂದು ಅದು ಹೇಳುತ್ತಿತ್ತು.

ಇದೇ ಶಾಸನದ 54ನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆಪಾದಿತನ ನಡತೆ ಕೆಟ್ಟದ್ದೆಂಬುದು ಮೊಕದ್ದಮೆಗೆ ಸಂಬಂಧಿಸಿದ್ದಲ್ಲ. ತನ್ನದು ಒಳ್ಳೆಯ ನಡತೆಯೆಂದು ಅವನೇ ಸಾಕ್ಷ್ಯ ತಂದರೆ ಮಾತ್ರ ಆ ಮಾತು ಎತ್ತಬಹುದು ಎಂದು ಅದು ಸಾರುತ್ತಿತ್ತು. ಒಬ್ಬನು ಕೆಟ್ಟವನಾದ ಮಾತ್ರಕ್ಕೆ ಈ ಅಪರಾಧವನ್ನೂ ಅವನೇ ಮಾಡಿರಬೇಕೆಂದು ಊಹಿಸುವುದು ತಪ್ಪು ಎಂಬ ಉದಾತ್ತ ತತ್ತ್ವ ಅದರ ಹಿಂದಿತ್ತು. ಆ ತತ್ತ್ವ ಆಪಾದಿತನಿಗೆ ಕೊಡೆ ಹಿಡಿಯಿತು. ದೂರು ಕೊಟ್ಟವಳನ್ನು ಮಳೆಯಲ್ಲೇ ನಿಲ್ಲಿಸಿತು. ಒಂದೇ ಕಟ್ಟಡದಲ್ಲಿ, ಒಂದೇ ದಿನ, ಒಂದೇ ಪುಸ್ತಕವನ್ನು ತೆರೆದು ನ್ಯಾಯಾಧೀಶರು ಅವನ ಚರಿತ್ರೆಗೆ ಬೀಗ ಹಾಕಿ ಅವಳ ಚರಿತ್ರೆಯನ್ನು ಬಿಚ್ಚಿ ಹರವಬಹುದಾಗಿತ್ತು.

ಈ ಪಕ್ಷಪಾತದ ಬೇರು ಎರಡು ನಂಬಿಕೆಗಳಲ್ಲಿತ್ತು. ಒಮ್ಮೆ ಒಬ್ಬನಿಗೆ ಒಪ್ಪಿದವಳು ಇನ್ನೊಬ್ಬನಿಗೂ ಒಪ್ಪಿರುತ್ತಾಳೆ ಎಂಬುದು ಮೊದಲನೆಯದು. ಶೀಲ ಕೆಟ್ಟವಳ ಮಾತೂ ಸುಳ್ಳೇ ಆಗಿರುತ್ತದೆ ಎಂಬುದು ಎರಡನೆಯದು. ತರ್ಕದ ಒರೆಗೆ ಹಚ್ಚಿದರೆ ಇವೆರಡೂ ನಿಲ್ಲುವುದಿಲ್ಲ. ಒಪ್ಪಿಗೆಯೆಂಬುದು ಸ್ಥಿರಾಸ್ತಿಯ ಪತ್ರದಂತೆ ಒಮ್ಮೆ ಬರೆದುಕೊಟ್ಟರೆ ತೀರುವಂಥದಲ್ಲ. ಅದು ಇಂಥ ವ್ಯಕ್ತಿಗೆ, ಇಂಥ ಹೊತ್ತಿನಲ್ಲಿ ಕೊಡುವಂಥದು, ಕೊಡದೆಯೂ ಇರಬಹುದಾದದ್ದು. ಇನ್ನು ಸತ್ಯ ನುಡಿಯುವುದಕ್ಕೂ ಸಂಸಾರದ ಕಟ್ಟುಪಾಡಿಗೂ ಗಂಟು ಹಾಕುವುದಾದರೆ, ಆ ಅಳತೆಗೋಲು ಗಂಡಸರಾದ ಸಾಕ್ಷಿಗಳಿಗೂ ಅನ್ವಯಿಸಬೇಕಾಗಿತ್ತು. ಅನ್ವಯಿಸಿದ್ದರೆ ಎಷ್ಟು ಮೊಕದ್ದಮೆಗಳಲ್ಲಿ ಸಾಕ್ಷಿಗಳು ಉಳಿಯುತ್ತಿದ್ದರೋ ಹೇಳುವುದು ಕಷ್ಟ.

ದೇಸಾಯಿಗಂಜಿನ ಠಾಣೆ

ಈ ನಂಬಿಕೆಗಳ ಬೆಲೆಯನ್ನು ತೆತ್ತವರಲ್ಲಿ ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳು ಸೇರಿದ್ದಾಳೆ. ಆಗ ಅವಳ ವಯಸ್ಸು 14ರಿಂದ 16ರೊಳಗೆ. ತಂದೆತಾಯಿ ಇಲ್ಲದ ಅವಳು ಅಣ್ಣನ ಆಸರೆಯಲ್ಲಿದ್ದು ಕೂಲಿ ಮಾಡಿ ಬದುಕುತ್ತಿದ್ದಳು. ಮೊಕದ್ದಮೆ ಅವಳ ಹೆಸರಿನಿಂದಲೇ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಇಂಥ ಪ್ರಕರಣಗಳಲ್ಲಿ ನೊಂದವಳ ಹೆಸರನ್ನು ಪ್ರಕಟಿಸಕೂಡದೆಂಬ ಕಾನೂನು ಹುಟ್ಟಿದ್ದು ಆ ಮೇಲೆ. ಅವಳು ಒಬ್ಬ ತರುಣನನ್ನು ಮೆಚ್ಚಿದ್ದಳು. ಅದು ಅಣ್ಣನಿಗೆ ಒಪ್ಪಿಗೆಯಾಗದೆ ಪೋಲೀಸರಿಗೆ ದೂರು ಹೋಯಿತು. 1972ರ ಮಾರ್ಚ್ 26ರ ರಾತ್ರಿ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಗೆ ಎಲ್ಲರನ್ನೂ ಕರೆಸಿ ಹೇಳಿಕೆ ಪಡೆಯಲಾಯಿತು. ಉಳಿದವರನ್ನು ಹೊರಗೆ ಕಳುಹಿಸಿ ಅವಳನ್ನು ಮಾತ್ರ ಒಳಗೆ ಉಳಿಸಿಕೊಂಡರು. ಠಾಣೆಯೊಳಗೆ ಒಬ್ಬ ಕಾನ್‌ಸ್ಟೇಬಲ್ ತನ್ನ ಮೇಲೆ ಅತ್ಯಾಚಾರ ನಡೆಸಿದನೆಂದೂ ಕುಡಿದಿದ್ದ ಹೆಡ್ ಕಾನ್‌ಸ್ಟೇಬಲ್ ಕೈಮಾಡಿದನೆಂದೂ ಅವಳು ಹೇಳಿದಳು. ಅವಳ ಕಡೆಯವರು ಆಗ ಠಾಣೆಯ ಹೊರಗೇ ಕಾಯುತ್ತಿದ್ದರು.

1974ರಲ್ಲಿ ಸೆಷನ್ಸ್ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಹುಡುಗಿ ಸುಳ್ಳುಗಾತಿ; ಅವಳು ಮೊದಲೇ ಪುರುಷ ಸಂಪರ್ಕಕ್ಕೆ ರೂಢಿಯಾದವಳು; ಮೆಚ್ಚಿದವನ ಎದುರು ತಾನು ಶೀಲವತಿಯೆನಿಸಿಕೊಳ್ಳಲು ಬಲಾತ್ಕಾರದ ಕಥೆ ಕಟ್ಟಿದ್ದಾಳೆ ಎಂಬುದು ಅದರ ಮತ. ಒಬ್ಬನನ್ನು ಪ್ರೀತಿಸಿದ್ದೇ ಇನ್ನೊಬ್ಬನ ಅಪರಾಧಕ್ಕೆ ರಕ್ಷಾಕವಚವಾಯಿತು. 1976ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠ ಈ ತೀರ್ಪನ್ನು ತಿರುಗಿಸಿತು. ಭಯದಿಂದ ಸುಮ್ಮನಿರುವುದು ಒಪ್ಪಿಗೆಯಲ್ಲ ಎಂದು ವಿವರಿಸಿ, ಒಬ್ಬನಿಗೆ 5 ವರ್ಷ, ಇನ್ನೊಬ್ಬನಿಗೆ 1 ವರ್ಷ ಶಿಕ್ಷೆ ವಿಧಿಸಿತು. ಆದರೆ 1978ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇಬ್ಬರನ್ನೂ ಮತ್ತೆ ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಅವಳು ಕೂಗಿಕೊಳ್ಳಲಿಲ್ಲ ಎಂಬುವು ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದವು. ರಾತ್ರಿಯ ವೇಳೆ, ಪೋಲೀಸ್ ಠಾಣೆಯೊಳಗೆ, ಪೋಲೀಸಿನವನ ಕೈಯಿಂದ ಪಾರಾಗಲು ಒಬ್ಬ ಕೂಲಿಯ ಹುಡುಗಿ ಯಾರನ್ನು ಕೂಗಿ ಕರೆಯಬೇಕಾಗಿತ್ತು ಎಂಬ ಪ್ರಶ್ನೆಗೆ ಆ ತೀರ್ಪಿನಲ್ಲಿ ಉತ್ತರವಿಲ್ಲ.

ನಾಲ್ವರು ಅಧ್ಯಾಪಕರ ಪತ್ರ

ತೀರ್ಪು ಬಂದು ಒಂದು ವರ್ಷ ಕಳೆಯಿತು. 1979ರ ಸೆಪ್ಟೆಂಬರ್ 16ರಂದು ಕಾನೂನಿನ ನಾಲ್ವರು ಅಧ್ಯಾಪಕರು ಭಾರತದ ಮುಖ್ಯ ನ್ಯಾಯಾಧೀಶರಿಗೆ ಒಂದು ಬಹಿರಂಗ ಪತ್ರ ಬರೆದರು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬುವು ಅವರ ಹೆಸರುಗಳು. ದೇಶದ ಅತ್ಯುನ್ನತ ನ್ಯಾಯಪೀಠವನ್ನು ಹೀಗೆ ಬಹಿರಂಗವಾಗಿ ಪ್ರಶ್ನಿಸುವುದು ಆ ಕಾಲಕ್ಕೆ ಅಪರೂಪದ ಧೈರ್ಯ. ಶರಣಾಗತಿಗೂ ಸಮ್ಮತಿಗೂ ಇರುವ ವ್ಯತ್ಯಾಸವನ್ನು ಪತ್ರ ಎತ್ತಿ ತೋರಿಸಿತು. ಹುಡುಗಿಯ ಹಿಂದಿನ ಸಂಬಂಧವೊಂದರಿಂದ ಠಾಣೆಯಲ್ಲಿನ ಸಮ್ಮತಿಯನ್ನು ಊಹಿಸಲು ಬರುವುದೆ ಎಂದು ಕೇಳಿತು.

ಪತ್ರ ಊರಿಂದೂರಿಗೆ ಹಬ್ಬಿತು. 1980ರ ಮಾರ್ಚ್ 8ರ ಮಹಿಳಾ ದಿನದಂದು ಹಲವು ನಗರಗಳಲ್ಲಿ ಸ್ತ್ರೀಯರು ಬೀದಿಗಿಳಿದು, ಪ್ರಕರಣವನ್ನು ಮತ್ತೆ ಪರಿಶೀಲಿಸಬೇಕೆಂದು ಕೇಳಿದರು. ಅದು ಸಫಲವಾಗಲಿಲ್ಲ. ಆದರೆ ಕಾನೂನು ಆಯೋಗ ಅದೇ ವರ್ಷ ತನ್ನ 84ನೆಯ ವರದಿಯನ್ನು ಸಲ್ಲಿಸಿತು. 1983ರಲ್ಲಿ ದಂಡಸಂಹಿತೆಗೆ ತಿದ್ದುಪಡಿಯಾಯಿತು. ಠಾಣೆ, ಸೆರೆಮನೆಗಳಂಥ ಎಡೆಗಳಲ್ಲಿ ಅಧಿಕಾರಸ್ಥನೊಬ್ಬ ದೈಹಿಕ ಸಂಪರ್ಕ ನಡೆಸಿದನೆಂದು ಸ್ಥಾಪಿತವಾದಾಗ, ತಾನು ಒಪ್ಪಿರಲಿಲ್ಲವೆಂದು ಹೆಣ್ಣು ನುಡಿದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕೆಂದಾಯಿತು. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕು, ನೊಂದವಳ ಹೆಸರನ್ನು ಅಚ್ಚು ಮಾಡಬಾರದು ಎಂಬ ನಿಯಮಗಳೂ ಬಂದುವು.

ಆದರೆ ವಿಚಿತ್ರವೆಂದರೆ, 155ನೆಯ ಕಲಮಿನ ಆ ನಾಲ್ಕನೆಯ ಬಾಬು ಮಾತ್ರ ಅಲುಗಲಿಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗೆ ಅದೇ ಹಳೆಯ ಪ್ರಶ್ನೆಗಳನ್ನು ಕೇಳುವುದಕ್ಕೆ ಅಡ್ಡಿಯಿರಲಿಲ್ಲ.

ಬಾಬು ಅಳಿದ ಬಗೆ

ಶಾಸನ ಸುಮ್ಮನಿದ್ದಾಗ ತೀರ್ಪುಗಳು ಮಾತನಾಡತೊಡಗಿದುವು. ಶೀಲವಿಲ್ಲದವಳೆಂದು ಜನ ಕರೆಯುವ ಹೆಣ್ಣಿಗೂ ತನ್ನ ಏಕಾಂತದ ಹಕ್ಕಿದೆ, ಬೇಕೆಂದವರೆಲ್ಲ ಅವಳ ಬಾಗಿಲು ನೂಕಿ ಬರಲಾಗದು ಎಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಮಹಾರಾಷ್ಟ್ರದ ಪೋಲೀಸ್ ಅಧಿಕಾರಿಯೊಬ್ಬನ ಪ್ರಕರಣದಲ್ಲಿ ಹೇಳಿತು. 1996ರ ಜನವರಿಯಲ್ಲಿ ಪಂಜಾಬಿನ ಒಂದು ಮೊಕದ್ದಮೆ ಅದರ ಮುಂದೆ ಬಂದಿತು. ಪರೀಕ್ಷೆ ಮುಗಿಸಿ ಬರುತ್ತಿದ್ದ, 16 ತುಂಬದ ವಿದ್ಯಾರ್ಥಿನಿಯನ್ನು 1984ರಲ್ಲಿ ಕಾರಿನಲ್ಲಿ ಅಪಹರಿಸಿ ಕೆಡಿಸಿದ್ದರು. ಕೆಳಗಿನ ನ್ಯಾಯಾಲಯ ಆಪಾದಿತರನ್ನು ಬಿಟ್ಟುದಲ್ಲದೆ ಹುಡುಗಿಯ ನಡತೆಯ ಮೇಲೂ ಕೊಂಕುನುಡಿ ಬರೆದಿತ್ತು. ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿ ಶಿಕ್ಷೆ ವಿಧಿಸಿತು. ಹೆಣ್ಣಿಗೆ ಹಿಂದೆ ಸಂಪರ್ಕವಿದ್ದಿತೆಂದೇ ಇಟ್ಟುಕೊಂಡರೂ ಯಾರಿಗೇ ಆಗಲಿ ಒಲ್ಲೆನೆನ್ನುವ ಹಕ್ಕು ಅವಳಿಗಿದೆ ಎಂದು ಸ್ಪಷ್ಟಪಡಿಸಿತು. ಪಾಟೀಸವಾಲಿನ ಹೆಸರಿನಲ್ಲಿ ನಡೆಯುವ ಕಿರುಕುಳವನ್ನು ನ್ಯಾಯಾಧೀಶರು ಮೂಕಪ್ರೇಕ್ಷಕರಂತೆ ಕುಳಿತು ನೋಡಬಾರದೆಂದೂ ಎಚ್ಚರಿಸಿತು.

2000ದಲ್ಲಿ ಕಾನೂನು ಆಯೋಗದ 172ನೆಯ ವರದಿ, ಆ ಬಾಬನ್ನು ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. 2002ರ ತಿದ್ದುಪಡಿ ಕಾಯಿದೆ ಅದನ್ನು ಕೊನೆಗೂ ಅಳಿಸಿತು. 1872ರಲ್ಲಿ ಹುಟ್ಟಿದ ವಾಕ್ಯ 130 ವರ್ಷ ಬಾಳಿ ಮಡಿಯಿತು. ಅತ್ಯಾಚಾರದ ಮೊಕದ್ದಮೆಯಲ್ಲಿ ದೂರುದಾರಳ ಸಾಮಾನ್ಯ ನಡತೆಯ ಬಗ್ಗೆ ಪಾಟೀಸವಾಲು ಕೂಡದೆಂಬ ನಿಷೇಧವೂ ಜೊತೆಗೇ ಸೇರಿತು.

ದೆಹಲಿಯಲ್ಲಿ 2012ರ ಡಿಸೆಂಬರ್ 16ರ ರಾತ್ರಿ ನಡೆದ ಘೋರ ಕೃತ್ಯದ ನಂತರ ನೇಮಕವಾದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. ಆ ಬಳಿಕ ಬಂದ 2013ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಒಪ್ಪಿಗೆಯೇ ವಿವಾದದ ವಿಷಯವಾಗಿರುವಾಗ, ನೊಂದವಳ ನಡತೆಯಾಗಲಿ ಯಾರೊಡನೆಯೇ ಆದರೂ ಅವಳಿಗಿದ್ದ ಹಿಂದಿನ ದೈಹಿಕ ಸಂಬಂಧವಾಗಲಿ ಆ ಒಪ್ಪಿಗೆಯನ್ನು ತೋರಿಸುವ ಸಾಕ್ಷ್ಯವಾಗಲಾರದು ಎಂಬುದು ಅದರ ತಿರುಳು. 'ಯಾರೊಡನೆಯೇ ಆದರೂ' ಎಂಬ ಮಾತಿನಲ್ಲಿ ಆಪಾದಿತನೂ ಸೇರುತ್ತಾನೆ. ದೈಹಿಕವಾಗಿ ಪ್ರತಿಭಟಿಸದಿದ್ದರೆ, ಅಷ್ಟರಿಂದಲೇ ಒಪ್ಪಿಗೆಯೆಂದು ತಿಳಿಯಬಾರದೆಂಬ ವಿವರಣೆಯೂ ದಂಡಸಂಹಿತೆಗೆ ಸೇರಿತು. ದೇಸಾಯಿಗಂಜಿನ ಹುಡುಗಿಗೆ ಸಿಗದೆ ಹೋದ ಉತ್ತರ 41 ವರ್ಷಗಳ ನಂತರ ಶಾಸನವಾಯಿತು. 2024ರ ಜುಲೈ 1ರಿಂದ ಹಳೆಯ ಅಧಿನಿಯಮದ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರಲ್ಲಿಯೂ 48 ಮತ್ತು 149ನೆಯ ಕಲಮುಗಳು ಈ ರಕ್ಷಣೆಯನ್ನು ಮುಂದುವರಿಸಿವೆ.

ವೈದ್ಯರ ಕೋಣೆಯಲ್ಲಿ

ನಡತೆಯ ಪ್ರಶ್ನೆ ವಕೀಲರ ಬಾಯಿಂದ ಮಾತ್ರ ಬರುತ್ತಿರಲಿಲ್ಲ. ಆಸ್ಪತ್ರೆಯ ಕಾಗದದ ಮೇಲೂ ಬರುತ್ತಿತ್ತು. ಎರಡು ಬೆರಳಿನ ಪರೀಕ್ಷೆಯೆಂಬ ಹೆಸರಿನಲ್ಲಿ ನೊಂದವಳ ದೇಹವನ್ನು ಮತ್ತೊಮ್ಮೆ ನೋಯಿಸಿ, ಅವಳು 'ರೂಢಿಯಾದವಳು' ಎಂದು ವೈದ್ಯರು ಬರೆದುಕೊಡುತ್ತಿದ್ದ ಪದ್ಧತಿ ದೀರ್ಘ ಕಾಲ ನಡೆಯಿತು. ಈ ಪರೀಕ್ಷೆಗೆ ವಿಜ್ಞಾನದ ಆಧಾರವಿಲ್ಲ. ಅತ್ಯಾಚಾರ ನಡೆಯಿತೆ ಇಲ್ಲವೆ ಎಂಬುದನ್ನು ಅದು ತಿಳಿಸಲಾರದು. ಶಾಸನದಿಂದ ಹೊರಹಾಕಿದ ಪ್ರಶ್ನೆಯನ್ನು ವೈದ್ಯಕೀಯದ ಬಿಳಿಯ ಅಂಗಿ ತೊಡಿಸಿ ಮತ್ತೆ ಒಳಗೆ ಕರೆತರುವುದಷ್ಟೇ ಅದರ ಫಲ.

2013ರಲ್ಲಿ ಹರಿಯಾಣದ ಪ್ರಕರಣವೊಂದರಲ್ಲಿ, ಈ ಪರೀಕ್ಷೆ ಹೆಣ್ಣಿನ ಘನತೆ ಹಾಗೂ ಏಕಾಂತದ ಹಕ್ಕನ್ನು ಭಂಗಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳು ಅದನ್ನು ಕೈಬಿಡಲು ಹೇಳಿದುವು. ಆದರೂ ಅದು ಅಲ್ಲಲ್ಲಿ ಉಳಿದೇ ಇತ್ತು. 2022ರ ಅಕ್ಟೋಬರ್ 31ರಂದು ಝಾರ್ಖಂಡದ ಪ್ರಕರಣದಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಇನ್ನು ಮುಂದೆ ಈ ಪರೀಕ್ಷೆ ನಡೆಸಿದವರು ದುರ್ವರ್ತನೆಯ ತಪ್ಪಿತಸ್ಥರಾಗುವರೆಂದು ಹೇಳಿ, ವೈದ್ಯಕೀಯ ವಿದ್ಯಾರ್ಥಿಗಳ ಪಾಠಕ್ರಮದಿಂದಲೂ ಅದು ಹೊರಹೋಗುವಂತೆ ನೋಡಿಕೊಳ್ಳಲು ಆದೇಶಿಸಿತು.

ಆಪಾದಿತನ ಪಕ್ಷದ ಮಾತು

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ನಿರಪರಾಧಿಯೊಬ್ಬನ ಮೇಲೆ ಸುಳ್ಳು ಆಪಾದನೆ ಬಂದರೆ ಅವನು ಏನು ಮಾಡಬೇಕು? ಪ್ರಶ್ನೆ ಕೇಳುವ ಬಾಯಿಗೆ ಬಟ್ಟೆ ಕಟ್ಟಿದರೆ ನ್ಯಾಯವಾದೀತೆ?

ಈ ಸಂದೇಹ ಬೇರೆ ದೇಶಗಳನ್ನೂ ಕಾಡಿದೆ. ಅಮೆರಿಕದ ಮಿಷಿಗನ್ ಸಂಸ್ಥಾನ 1974ರಲ್ಲಿಯೇ ಇಂಥ ಪ್ರಶ್ನೆಗಳಿಗೆ ತಡೆ ಹಾಕಿತು. ಆ ದೇಶದ ಕೇಂದ್ರ ಶಾಸನ 1978ರಲ್ಲಿ ಬಂದಿತು. ಕೆನಡಾದಲ್ಲಿ ರಚಿತವಾಗಿದ್ದ ನಿಷೇಧ ಬಿಗಿಯಾಯಿತೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ಅದನ್ನು ರದ್ದುಪಡಿಸಿತು. ಮರುವರ್ಷವೇ ಅಲ್ಲಿಯ ಸಂಸತ್ತು ಹೊಸ ಕಾನೂನು ಮಾಡಿತು. ಅದರಂತೆ, ಹಿಂದಿನ ಸಂಬಂಧದ ವಿಷಯ ಎತ್ತಬಯಸುವ ವಕೀಲರು ಮೊದಲು ನ್ಯಾಯಾಧೀಶರ ಮುಂದೆ ಗೋಪ್ಯವಾಗಿ ಕಾರಣ ಹೇಳಿ ಅಪ್ಪಣೆ ಪಡೆಯಬೇಕು. ಇಂಗ್ಲೆಂಡಿನಲ್ಲಿ 1999ರ ಕಾಯಿದೆ ತಡೆ ಹಾಕಿದರೆ, 2001ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು, ಆಪಾದಿತನೊಡನೆ ಇದ್ದ ಸಂಬಂಧ ನ್ಯಾಯವಾದ ವಿಚಾರಣೆಗೆ ಅತ್ಯಗತ್ಯವಾದಾಗ ಅದಕ್ಕೆ ಎಡೆ ಕೊಡಬೇಕೆಂದು ಅರ್ಥೈಸಿದರು.

ಭಾರತದ ಕಾನೂನು ಮುಚ್ಚಿರುವುದು ಒಂದು ದಾರಿಯನ್ನು ಮಾತ್ರ: ಹಿಂದಿನ ಸಂಬಂಧದಿಂದ ಇಂದಿನ ಒಪ್ಪಿಗೆಯನ್ನು ಊಹಿಸುವ ದಾರಿ. ಆಪಾದಿತನ ವಕೀಲರಿಗೆ ಉಳಿದ ದಾರಿಗಳೆಲ್ಲ ತೆರೆದೇ ಇವೆ. ಆ ದಿನ ಆತ ಬೇರೆ ಊರಿನಲ್ಲಿದ್ದನೆಂದು ತೋರಿಸಬಹುದು. ಹೇಳಿಕೆಗಳಲ್ಲಿನ ವಿರೋಧಗಳನ್ನು ಬಯಲಿಗೆಳೆಯಬಹುದು. ಆಸ್ತಿಯ ಜಗಳ, ಹಳೆಯ ದ್ವೇಷಗಳನ್ನು ರುಜುವಾತು ಪಡಿಸಬಹುದು. ನಿರಪರಾಧಿಯನ್ನು ಕಾಯುವುದು ಈ ಸಾಕ್ಷ್ಯಗಳೇ ಹೊರತು, ದೂರುದಾರಳು ಮೂರು ವರ್ಷದ ಹಿಂದೆ ಯಾರನ್ನು ಪ್ರೀತಿಸಿದ್ದಳೆಂಬ ವಿವರವಲ್ಲ.

ಉಳಿದಿರುವ ಬಿರುಕುಗಳು

ಆದರೂ ಕಾನೂನು ಬದಲಾದೊಡನೆ ಮನಸ್ಸು ಬದಲಾಗುವುದಿಲ್ಲ. ತಡೆಯಿರುವುದು ಸಾಕ್ಷ್ಯಕ್ಕೆ, ಜಾಮೀನಿನ ಅರ್ಜಿಯ ವಾದದಲ್ಲಿ, ಆದೇಶದ ಒಕ್ಕಣೆಯಲ್ಲಿ ಹಳೆಯ ಮಾತು ಹೊಸ ವೇಷದಲ್ಲಿ ನುಸುಳುತ್ತದೆ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನಿರೀಕ್ಷಣಾ ಜಾಮೀನಿನ ಆದೇಶವೊಂದು ದೇಶದಾದ್ಯಂತ ಚರ್ಚೆಗೆ ಗುರಿಯಾಯಿತು. ಘಟನೆಯ ನಂತರ ದಣಿದು ನಿದ್ರೆ ಹೋದೆನೆಂಬ ದೂರುದಾರಳ ಹೇಳಿಕೆ ಭಾರತೀಯ ನಾರಿಗೆ ತಕ್ಕುದಲ್ಲ ಎಂಬರ್ಥದ ಮಾತು ಅದರಲ್ಲಿತ್ತು. ಕೆಲವೇ ದಿನಗಳಲ್ಲಿ ಆ ಮಾತನ್ನು ಆದೇಶದಿಂದ ತೆಗೆದುಹಾಕಲಾಯಿತು. ನೊಂದವಳು ಹೀಗೆಯೇ ಅಳಬೇಕು, ಹೀಗೆಯೇ ಓಡಬೇಕು ಎಂಬ ನಿರೀಕ್ಷೆಯೂ ಶೀಲಪರೀಕ್ಷೆಯ ಸೋದರಿಯೇ. ಆಘಾತಕ್ಕೆ ಒಳಗಾದ ದೇಹ ಹೇಗೆ ನಡೆದುಕೊಳ್ಳಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

2021ರ ಮಾರ್ಚ್ 18ರಂದು ಸರ್ವೋಚ್ಚ ನ್ಯಾಯಾಲಯ ಈ ಬಿರುಕನ್ನೂ ಮುಚ್ಚಲು ಯತ್ನಿಸಿತು. ದೂರುದಾರಳಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಆಪಾದಿತನಿಗೆ ವಿಧಿಸಿದ್ದ ಮಧ್ಯಪ್ರದೇಶದ ಜಾಮೀನಿನ ಷರತ್ತನ್ನು ರದ್ದುಪಡಿಸಿ, ಜಾಮೀನಿನ ಆದೇಶಗಳಲ್ಲಿ ಹೆಣ್ಣಿನ ಉಡುಪು, ವರ್ತನೆ, ಹಿಂದಿನ ನಡತೆಗಳ ಚರ್ಚೆ ಕೂಡದೆಂದು ಎಲ್ಲ ನ್ಯಾಯಾಲಯಗಳಿಗೂ ಸೂಚಿಸಿತು.

ಸಂಸಾರಸ್ಥರು ತಿಳಿದಿರಬೇಕಾದ ಕೆಲವು ವಿಷಯಗಳು ಇದರಿಂದ ಹೊರಡುತ್ತವೆ. ಇಂಥ ಆಪತ್ತು ಯಾರಿಗಾದರೂ ಬಂದೊದಗಿದರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯಾದರೂ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು. ನೊಂದವಳ ಒಪ್ಪಿಗೆಯಿಲ್ಲದೆ ವೈದ್ಯಕೀಯ ಪರೀಕ್ಷೆ ಸಲ್ಲದು; ಎರಡು ಬೆರಳಿನ ಪರೀಕ್ಷೆಯಂತೂ ಎಂದಿಗೂ ಸಲ್ಲದು. ನ್ಯಾಯಾಲಯದಲ್ಲಿ ಹಿಂದಿನ ಸಂಬಂಧದ ಪ್ರಶ್ನೆ ಬಂದೊಡನೆ ಸರ್ಕಾರಿ ವಕೀಲರು ಆಕ್ಷೇಪಿಸಬಹುದು. ಅದನ್ನು ತಡೆಯುವುದು ನ್ಯಾಯಾಧೀಶರ ಕರ್ತವ್ಯ. ನೊಂದವರು 18 ತುಂಬದ ಮಕ್ಕಳಾದರೆ, 2012ರ ಪೋಕ್ಸೋ ಕಾಯಿದೆಯಂತೆ ವಕೀಲರು ನೇರವಾಗಿ ಪ್ರಶ್ನಿಸದೆ ನ್ಯಾಯಾಧೀಶರ ಮೂಲಕವೇ ಪ್ರಶ್ನಿಸಬೇಕು. ಮಗುವಿನ ನಡತೆಯನ್ನು ಹಳಿಯುವ ಪ್ರಶ್ನೆಗೆ ಅಲ್ಲಿ ಎಡೆಯೇ ಇಲ್ಲ.

ಇಷ್ಟೆಲ್ಲ ರಕ್ಷಣೆ ನ್ಯಾಯಾಸ್ಥಾನದ ಹೊಸಿಲಿನ ಒಳಗೆ. ಹೊಸಿಲಿನ ಹೊರಗೆ ಇನ್ನೊಂದು ನ್ಯಾಯಾಸ್ಥಾನವಿದೆ. ಅಲ್ಲಿ ನೆರೆಹೊರೆಯವರೇ ವಕೀಲರು, ಬಂಧುಬಳಗವೇ ನ್ಯಾಯಪೀಠ. "ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ?" ಎಂಬ ಪಾಟೀಸವಾಲು ಊಟದ ಎಲೆಯ ಮುಂದೆ, ಮದುವೆಯ ಮಂಟಪದಲ್ಲಿ, ಮಕ್ಕಳು ಕೇಳುತ್ತಿರುವಂತೆಯೇ ನಡೆಯುತ್ತದೆ. ಆ ಮಾತನ್ನು ಕೇಳಿಸಿಕೊಂಡ ಮಗಳು, ನಾಳೆ ತನಗೇ ಕೇಡಾದರೆ ಮನೆಯಲ್ಲಿ ಬಾಯಿ ಬಿಡಲು ಹಿಂಜರಿಯುತ್ತಾಳೆ. ಅದನ್ನು ಕೇಳಿಸಿಕೊಂಡ ಮಗ, ತಪ್ಪು ಮಾಡಿದವನಿಗೂ ಒಂದು ನೆಪವಿರುತ್ತದೆಂದು ಕಲಿಯುತ್ತಾನೆ. ಶಾಸನದ ಪುಸ್ತಕದಿಂದ ಆ ವಾಕ್ಯವನ್ನು ಅಳಿಸಲು ಸಂಸತ್ತು ಬೇಕಾಯಿತು. ಮನೆಯ ಮಾತಿನಿಂದ ಅದನ್ನು ಅಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ.